ಬಕ್ಲಾವಾದ ತಳ ಮುದ್ದೆಯಾಗುವುದೇಕೆ, ಮತ್ತು ಊರೂರಿನ ಬಕ್ಲಾವಾಗಳು

ನೀವು ಎರಡು ವಿಷಯ ಕೇಳಿದ್ದೀರಿ: ಅಂಗಡಿಯಿಂದ ತಂದ ಫಿಲೊ ಹಾಳೆಗಳಲ್ಲಿ (ಕಾಗದದಷ್ಟು ತೆಳುವಾದ ಹಿಟ್ಟಿನ ಹಾಳೆ) ಮಾಡಿದ ಬಕ್ಲಾವಾದ (ಪದರಗಳ ನಡುವೆ ಬೀಜ ತುಂಬಿ ಬೇಯಿಸಿ ಸಕ್ಕರೆ ಪಾಕ ಹಾಕುವ ಸಿಹಿ) ಮೇಲ್ಭಾಗ ಗರಿಗರಿಯಾಗಿ ಬಂದರೂ ತಳ ಒದ್ದೆಯಾಗಿ ಮುದ್ದೆಯಾದದ್ದೇಕೆ, ಮತ್ತು ಟರ್ಕಿ, ಗ್ರೀಸ್, ಇರಾನ್ ಎಂದು ಬೇರೆ ಬೇರೆ ಹೆಸರಿನಲ್ಲಿ ಸಿಗುವ ಬಗೆಗಳಲ್ಲಿ ನಿಜವಾದ ವ್ಯತ್ಯಾಸವೇನು. ಶಾರ್ಜಾದಲ್ಲಿದ್ದ ಏಳು ವರ್ಷಗಳಲ್ಲಿ ಪಕ್ಕದ ಮನೆಯ, ಸಿರಿಯಾದ ಅಲೆಪ್ಪೊ ಊರಿನ ಹಿರಿಯ ಮಹಿಳೆಯೊಬ್ಬರ ಅಡುಗೆಮನೆಯಲ್ಲಿ ನಿಂತು ನಾನು ಇದನ್ನು ಕಲಿತೆ. ಮಂಗಳೂರಿಗೆ ಮರಳಿದ ಮೇಲೂ ಪ್ರತಿ ದೀಪಾವಳಿಗೆ ಮಾಡುತ್ತಿದ್ದೇನೆ.

ನಿಮ್ಮ ವಿವರಣೆಯಲ್ಲೇ ಉತ್ತರದ ಬಹುಪಾಲು ಇದೆ. ನೀವು ಹಾಳೆಗಳಿಗೆ ಬೆಣ್ಣೆಯನ್ನು ಕರಗಿಸಿ ಹಚ್ಚಿದ್ದೀರಿ, ಒಲೆಯಿಂದ ಇಳಿಸಿದ ಬಿಸಿ ಪಾಕವನ್ನು ಬಿಸಿ ಬಕ್ಲಾವಾದ ಮೇಲೆ ಸುರಿದಿದ್ದೀರಿ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರೇ ಇರುತ್ತದೆ. ಆ ನೀರು ಕಾಗದದಂಥ ಹಾಳೆಗಳ ನಡುವೆ ಸಿಕ್ಕಿ ಅವನ್ನು ಒಂದಕ್ಕೊಂದು ಅಂಟಿಸುತ್ತದೆ. ಬೆಣ್ಣೆಯಲ್ಲಿ ಉಳಿದ ಹಾಲಿನ ಅಂಶವಂತೂ ಮೇಲಿನ ಪದರವನ್ನು ಬೇಗ ಕೆಂಪಾಗಿಸಿ, ಒಳಗೆ ಬೆಂದಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದಲೇ ಅರಬ್ಬರ ಮನೆಗಳಲ್ಲಿ ಇದಕ್ಕೆ ಬಳಸುವುದು ‘ಸಮ್ನಾ’, ಅಂದರೆ ನಮ್ಮ ತುಪ್ಪ. ಟರ್ಕಿಯ ಗಾಜಿಯಾಂತೆಪ್‌ನ ಬಾಣಸಿಗರೂ ಕುರಿ, ಮೇಕೆ ಹಾಲಿನ ಬೆಣ್ಣೆಯನ್ನು ಕಾಯಿಸಿ ತೆಗೆದ ತುಪ್ಪವನ್ನೇ ಬಯಸುತ್ತಾರೆ. ತುಪ್ಪ ಕಾಯಿಸುವುದನ್ನು ಕೈಯಳತೆಯಲ್ಲೇ ಬಲ್ಲ ನಮ್ಮ ಮನೆಗಳಿಗೆ ಈ ತಿನಿಸಿನ ಅರ್ಧ ವಿದ್ಯೆ ಆಗಲೇ ಬಂದಿದೆ ಎಂದು ನಾನು ಮನಸಾರೆ ನಂಬುತ್ತೇನೆ.

ಇನ್ನು ಪಾಕದ ಮಾತು. ಮನೆಯಲ್ಲಿ ಮಾಡುವವರು ಪಾಲಿಸಬೇಕಾದ ನಿಯಮ ಒಂದೇ: ಎರಡರಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗೆ. ಎರಡೂ ಬಿಸಿಯಾಗಿದ್ದರೆ ಆವಿ ಹೊರಹೋಗದೆ ಪದರಗಳು ಬೆವರುತ್ತವೆ. ಎರಡೂ ತಣ್ಣಗಿದ್ದರೆ ಪಾಕ ಒಳಕ್ಕೆ ಇಳಿಯುವುದೇ ಇಲ್ಲ. ಗಾಜಿಯಾಂತೆಪ್‌ನ ಅಂಗಡಿಗಳಲ್ಲಿ ಕುದಿಯುವ ಪಾಕವನ್ನೇ ಬಿಸಿ ತಟ್ಟೆಗೆ ಸುರಿಯುವುದನ್ನು ನೀವು ವಿಡಿಯೊಗಳಲ್ಲಿ ನೋಡಿರಬಹುದು. ದಿನಕ್ಕೆ ಹತ್ತಾರು ತಟ್ಟೆ ಇಳಿಸುವ ಅವರ ಪಾಕದ ಹದ ಕೂದಲೆಳೆಯಷ್ಟೂ ಕದಲುವುದಿಲ್ಲ; ನಮಗೆ ಆ ದಾರಿ ಬೇಡ. 400 ಗ್ರಾಂ ಸಕ್ಕರೆಗೆ 300 ಮಿಲಿಲೀಟರ್ ನೀರು ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಇಡಿ. ಬೆರಳಿಗೆ ಅಂಟಬೇಕು, ಆದರೆ ಎಳೆ ನಿಲ್ಲಬಾರದು. ಜಾಮೂನಿನ ಪಾಕಕ್ಕಿಂತ ತುಸು ಗಟ್ಟಿ, ಬಾದೂಷಾದ ಒಂದೆಳೆ ಪಾಕಕ್ಕಿಂತ ತೆಳು. ಇಳಿಸುವ ಮುನ್ನ ಒಂದು ಚಮಚ ನಿಂಬೆರಸ ಹಿಂಡಿದರೆ ಹುಳಿಯು ಸಕ್ಕರೆಯ ಸ್ವಲ್ಪ ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುವುದರಿಂದ, ಪಾಕ ಮರುದಿನ ಹರಳುಗಟ್ಟುವುದಿಲ್ಲ. ಇದನ್ನು ಮೊದಲೇ ಮಾಡಿ ಪೂರ್ತಿ ಆರಲು ಬಿಡಿ.

ಹಾಳೆಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ಅವಸರದಲ್ಲಿ ಹೊರಗಿಟ್ಟು ಕರಗಿಸಿದರೆ ಅಂಚುಗಳು ಅಂಟಿಕೊಂಡು ಹರಿಯುತ್ತವೆ. ಸುಮಾರು ಅರ್ಧ ಕಿಲೋ ಹಾಳೆಗೆ 300 ಗ್ರಾಂ ಅಕ್ರೋಟ್ ಅಥವಾ ಪಿಸ್ತಾ, 250 ಗ್ರಾಂ ತುಪ್ಪ ಸಾಕು. ಬೀಜಗಳನ್ನು ದಪ್ಪ ರವೆಯಂತೆ ತರಿತರಿಯಾಗಿ ಒಡೆಯಬೇಕೇ ಹೊರತು ನುಣ್ಣಗೆ ಪುಡಿ ಮಾಡಬಾರದು, ಏಕೆಂದರೆ ಎಣ್ಣೆ ಬಿಟ್ಟ ಪುಡಿ ಹಿಟ್ಟಿನೊಂದಿಗೆ ಕಲಸಿದಂತಾಗುತ್ತದೆ. ಅರ್ಧದಷ್ಟು ಹಾಳೆಗಳನ್ನು ಒಂದೊಂದಾಗಿ ತುಪ್ಪ ಸವರಿ ಲೋಹದ ತಟ್ಟೆಯಲ್ಲಿ ಹಾಸಿ, ಬೀಜಗಳನ್ನು ಹರಡಿ, ಉಳಿದರ್ಧವನ್ನು ಅದೇ ರೀತಿ ಮೇಲೆ ಹೊದಿಸಿ. ಬೇಯಿಸುವ ಮೊದಲೇ ಹರಿತವಾದ ಚಾಕುವಿನಿಂದ ತಳ ಮುಟ್ಟುವವರೆಗೆ ಕತ್ತರಿಸಿ, ಉಳಿದ ತುಪ್ಪವನ್ನು ಬಿಸಿ ಮಾಡಿ ಆ ಗೀರುಗಳಿಗೆ ಸುರಿಯಿರಿ. ಬಹಳ ಜನ ಮೇಲ್ಪದರವನ್ನು ಮಾತ್ರ ಗೀರಿ ನಿಲ್ಲಿಸುತ್ತಾರೆ. ಆಗ ಪಾಕಕ್ಕೆ ಕೆಳಗಿಳಿಯಲು ದಾರಿ ಇಲ್ಲದೆ ಒಂದೇ ಕಡೆ ನಿಲ್ಲುತ್ತದೆ. ಓವನ್ನಿನ ಕೆಳ ಅಂತಸ್ತಿನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐವತ್ತು ನಿಮಿಷ ಬೇಯಲಿ. ಮೇಲಿನ ಬಣ್ಣವನ್ನು ನಂಬಬೇಡಿ. ಮೂಲೆಯ ಒಂದು ತುಂಡನ್ನು ಚಾಕುವಿನ ತುದಿಯಿಂದ ಎತ್ತಿ ತಳ ನೋಡಿ. ಅದೂ ಹೊಂಬಣ್ಣಕ್ಕೆ ಬಂದಿದ್ದರೆ ಮಾತ್ರ ಇಳಿಸಿ.

ತಟ್ಟೆ ಇಳಿಸಿದ ಕೂಡಲೇ ತಣ್ಣನೆಯ ಪಾಕವನ್ನು ಸೌಟಿನಿಂದ ಗೀರುಗಳ ಉದ್ದಕ್ಕೂ ಹಾಕಿ. ಒಗ್ಗರಣೆ ಬಿದ್ದಂತೆ ‘ಚುಂಯ್’ ಎಂಬ ಸದ್ದು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿದುಹೋಗುತ್ತದೆ. ನನಗೆ ಕಲಿಸಿದ ಆ ಹಿರಿಯರು ಪಾಕ ಹಾಕುವಾಗ ಎಲ್ಲರನ್ನೂ ಸುಮ್ಮನಿರಲು ಹೇಳಿ ಕಿವಿಗೊಟ್ಟು ನಿಲ್ಲುತ್ತಿದ್ದರು. ಸದ್ದು ಬಾರದ ಮೂಲೆ ಸರಿಯಾಗಿ ಬೆಂದಿಲ್ಲ ಎನ್ನುವುದು ಅವರ ಅನುಭವ. ಆಮೇಲೆ ಮುಚ್ಚದೆ ನಾಲ್ಕೈದು ಗಂಟೆ ಬಿಡಿ.

ಬಗೆಗಳ ವಿಷಯಕ್ಕೆ ಬಂದರೆ, ಹಾಳೆ ಎಲ್ಲೆಡೆ ಹೆಚ್ಚುಕಡಿಮೆ ಅದೇ. ಊರನ್ನು ಹೇಳುವುದು ಬೀಜ ಮತ್ತು ಪಾಕ. ಗಾಜಿಯಾಂತೆಪ್‌ನಲ್ಲಿ ಪೂರ್ತಿ ಮಾಗುವ ಮುನ್ನವೇ ಕೊಯ್ದ ಕಡುಹಸಿರು ಪಿಸ್ತಾ, ಹಾಲು-ರವೆಯ ತೆಳುವಾದ ಕೆನೆ, ಪರಿಮಳ ಬೆರೆಸದ ಬರಿಯ ಸಕ್ಕರೆ ಪಾಕ. ಆ ಊರಿನ ಬಕ್ಲಾವಾಕ್ಕೆ ಐರೋಪ್ಯ ಒಕ್ಕೂಟ 2013ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಕೊಟ್ಟಿದೆ. ಗ್ರೀಸಿನಲ್ಲಿ ಅಕ್ರೋಟ್, ಚಕ್ಕೆ, ಲವಂಗ ಮತ್ತು ಜೇನು ಸೇರಿದ ಪಾಕ. ಕ್ರಿಸ್ತನ ಆಯುಷ್ಯದ ನೆನಪಿಗೆ 33 ಪದರ ಹಾಸುವ ಪದ್ಧತಿಯೂ ಅಲ್ಲಿದೆ. ಸಿರಿಯಾ, ಲೆಬನಾನ್‌ಗಳಲ್ಲಿ ಪಾಕಕ್ಕೆ ಪನ್ನೀರು ಅಥವಾ ಕಿತ್ತಳೆ ಹೂವಿನ ನೀರು ಬೀಳುತ್ತದೆ, ಆಕಾರಗಳೂ ಹಲವು: ‘ಬುಲ್‌ಬುಲ್ ಗೂಡು’, ‘ಬೆರಳು’, ಮತ್ತು ‘ತಿಂದು ವಂದಿಸು’ ಎಂಬ ಅರ್ಥದ ‘ಕೋಲ್ ವಶ್ಕೋರ್’. ಇರಾನಿನ ಯಜ್ದ್ ಪಟ್ಟಣದ್ದು ಬಾದಾಮಿ, ಏಲಕ್ಕಿ, ಪನ್ನೀರಿನ ಪುಟ್ಟ ವಜ್ರಾಕೃತಿ. ನಮ್ಮ ನಾಲಿಗೆಗೆ ಅತಿ ಹತ್ತಿರದ್ದು ಇದೇ ಎಂದು ನನ್ನ ಅನಿಸಿಕೆ. ಅಜರ್‌ಬೈಜಾನಿನಲ್ಲಿ ಮಾತ್ರ ಹಾಳೆಯೇ ಬೇರೆ: ದಪ್ಪಗೆ ಲಟ್ಟಿಸಿದ ಕೆಲವೇ ಪದರಗಳು, ಮೇಲೆ ಕೇಸರಿ ಬೆರೆಸಿದ ಮೊಟ್ಟೆಯ ಹಳದಿ, ಪ್ರತಿ ತುಂಡಿನ ನಡುವೆ ಒಂದು ಬೀಜ; ಮಾರ್ಚ್‌ನ ನವರೂಜ್ ಹಬ್ಬಕ್ಕೆ ಅದು ಬೇಕೇ ಬೇಕು.

ಇದು ಯಾರ ತಿನಿಸು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಅಡುಗೆಮನೆ ಲೆಕ್ಕದಲ್ಲಿ 1473ರಷ್ಟು ಹಿಂದೆಯೇ ಬಕ್ಲಾವಾದ ಹೆಸರಿದೆ. ಮುಂದೆ ರಂಜಾನಿನ ಹದಿನೈದನೆಯ ದಿನ ಒಟ್ಟೋಮನ್ ಸುಲ್ತಾನರ ಖಾಸಾ ಪಡೆಯಾದ ಜಾನಿಸರಿ ಸೈನಿಕರಿಗೆ ಹತ್ತು ಮಂದಿಗೆ ಒಂದು ತಟ್ಟೆಯಂತೆ ಹಂಚಿ ಮೆರವಣಿಗೆ ಮಾಡುವ ಪದ್ಧತಿ ಬೆಳೆದು, 1826ರಲ್ಲಿ ಆ ಪಡೆಯನ್ನೇ ರದ್ದು ಮಾಡಿದಾಗ ಕೊನೆಗೊಂಡಿತು.

ಫಿಲೊ ಸಿಗದ ಊರಿನಲ್ಲಿದ್ದರೆ ಎದೆಗುಂದಬೇಡಿ. ಮೈದಾಗೆ ಉಪ್ಪು, ಎಣ್ಣೆ, ಒಂದು ಚಮಚ ವಿನೆಗರ್, ಬೆಚ್ಚನೆಯ ನೀರು ಹಾಕಿ ಮೆತ್ತಗೆ ನಾದಿ ಒಂದು ಗಂಟೆ ನೆನೆಯಲು ಬಿಡಿ. ಪೂರಿಯಷ್ಟು ಲಟ್ಟಿಸಿದ ಹತ್ತು ಹಾಳೆಗಳ ನಡುವೆ ಧಾರಾಳವಾಗಿ ಕಾರ್ನ್‌ಫ್ಲೋರ್ ಉದುರಿಸಿ, ಒಂದರ ಮೇಲೊಂದಿಟ್ಟು ಎಲ್ಲವನ್ನೂ ಒಟ್ಟಿಗೆ ಲಟ್ಟಿಸಿದರೆ ತೆಳುವಾಗಿ ಬಿಡಿಬಿಡಿಯಾಗುತ್ತವೆ. ಚಿರೋಟಿಗೆ ಸಾಟಿ ಹಚ್ಚಿ ಅಭ್ಯಾಸವಿರುವ ಕೈಗೆ ಇದು ಹೊಸದೆನಿಸದು. ಅಲ್ಲಿ ತುಪ್ಪ, ಅಕ್ಕಿಹಿಟ್ಟು ಮಾಡುವ ಕೆಲಸವನ್ನು ಇಲ್ಲಿ ಕಾರ್ನ್‌ಫ್ಲೋರ್ ಮಾಡುತ್ತದೆ.

ಮಾಡಿದ್ದನ್ನು ಫ್ರಿಜ್ಜಿನಲ್ಲಿಡಬೇಡಿ, ತುಪ್ಪ ಹೆಪ್ಪುಗಟ್ಟಿ ರುಚಿ ಕೆಡುತ್ತದೆ. ಒಣ ಹವೆಯಲ್ಲಿ ತೆಳು ಬಟ್ಟೆ ಹೊದಿಸಿ ಹೊರಗಿಟ್ಟರೆ ನಾಲ್ಕೈದು ದಿನ ಗರಿಗರಿ ಉಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಾತ್ರ ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಜುಲೈನಲ್ಲಿ ಮಾಡಿದರೆ ಎರಡೇ ದಿನದಲ್ಲಿ ಹಂಚಿ ಮುಗಿಸಿಬಿಡಿ.