ಮೊದಲ ದಿನವೇ ಮಾಡಿಸಿದ ದಡಾರ ಪರೀಕ್ಷೆ

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ನಾಲ್ಕು ದಿನ ಜ್ವರ, ಕೆಮ್ಮು, ಕಣ್ಣು ಕೆಂಪು ಇತ್ತು. ಮೊನ್ನೆಯಿಂದ ಮುಖ, ಎದೆ ಎಲ್ಲ ಕೆಂಪು ದದ್ದು. ದದ್ದು ಕಂಡ ದಿನವೇ ದಡಾರಕ್ಕೆ ರಕ್ತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು. ಹಾಗಾದರೆ ದಡಾರ ಅಲ್ಲ ಅಲ್ವಾ? ಮನೆಯಲ್ಲಿ ನಾದಿನಿ ಎರಡು ತಿಂಗಳ ಗರ್ಭಿಣಿ.
– ಒಬ್ಬ ತಾಯಿ, ಹಾಸನ

ಉತ್ತರ: ಈಗಲೇ ಹಾಗೆ ಹೇಳಲಾಗದು. ರಕ್ತ ಕೊಟ್ಟಿದ್ದು ತುಂಬಾ ಬೇಗ ಆಯಿತು, ಅಷ್ಟೇ. ಆ ಪರೀಕ್ಷೆ ನೋಡುವುದು ಐಜಿಎಂ ಎಂಬ ಪ್ರತಿಕಾಯವನ್ನು. ವೈರಸ್ ಎದುರಿಸಲು ಮೈ ಇದನ್ನು ತಯಾರಿಸುತ್ತದೆ, ಅದಕ್ಕೆ ಸಮಯ ಬೇಕು. ದದ್ದು ಎದ್ದ ಮೊದಲ ಮೂರು ದಿನ, ದಡಾರ ಇದ್ದರೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೆಗೆಟಿವ್ ಬರುತ್ತದೆ. ನಾಲ್ಕನೇ ದಿನದಿಂದ 28ನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಮತ್ತೊಮ್ಮೆ ರಕ್ತ ಕೊಡಿ.

ಅಷ್ಟರವರೆಗೆ ಸುಮ್ನೆ ಕಾಯಬೇಡಿ. ಈಗ ವೈರಸ್ ಗಂಟಲಲ್ಲೇ ಜಾಸ್ತಿ ಇರುತ್ತದೆ. ಗಂಟಲ ದ್ರವದ ಪಿಸಿಆರ್ (ವೈರಸ್‌ನ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆ) ಮಾಡಿಸಿದರೆ ವೈರಸ್ಸೇ ಸಿಕ್ಕಿಬೀಳುತ್ತದೆ. ವಾರ ಕಳೆದರೆ ಆ ಅವಕಾಶ ಕಡಿಮೆ. ಜ್ವರದ ಜೊತೆ ದದ್ದು ಬಂದವರ ಮೇಲೆ ಸರ್ಕಾರ ನಿಗಾ ಇಡುತ್ತದೆ, ಆದ್ದರಿಂದ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಚೀಟಿಯಲ್ಲಿ ದದ್ದು ಕಂಡ ದಿನಾಂಕ ಬರೆಸಿ. ಅದಿಲ್ಲದ ರಿಪೋರ್ಟ್ ಓದುವುದು ನಮಗೂ ಕಷ್ಟ. ಕಳೆದ ಕೆಲವು ವಾರಗಳಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ್ದರೆ ಅದನ್ನೂ ಹೇಳಿ, ಲಸಿಕೆಯಿಂದಲೂ ಐಜಿಎಂ ಪಾಸಿಟಿವ್ ಬರುತ್ತದೆ.

ನನಗೆ ಹೆಚ್ಚು ಚಿಂತೆ ನಿಮ್ಮ ನಾದಿನಿಯದು. ಇದು ರುಬೆಲ್ಲಾ ಕೂಡ ಆಗಿರಬಹುದು, ಅದು ದಡಾರದಂತೆಯೇ ದದ್ದು ತರುವ ಇನ್ನೊಂದು ವೈರಸ್ ಸೋಂಕು. ದದ್ದು ಎದ್ದ ದಿನ ರುಬೆಲ್ಲಾ ಐಜಿಎಂ ಅರ್ಧದಷ್ಟು ಜನರಲ್ಲಿ ತಪ್ಪಿಹೋಗುತ್ತದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಅದು ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಅವರು ಇಂದೇ ವೈದ್ಯರನ್ನು ಕಂಡು ರುಬೆಲ್ಲಾ, ದಡಾರ ಎರಡಕ್ಕೂ ಐಜಿಜಿ ಪರೀಕ್ಷೆ ಮಾಡಿಸಲಿ. ಐಜಿಜಿ ಎಂದರೆ ಹಿಂದಿನ ಸೋಂಕು ಅಥವಾ ಲಸಿಕೆಯಿಂದ ಮೈಯಲ್ಲಿ ಬಹುಕಾಲ ಉಳಿಯುವ ಪ್ರತಿಕಾಯ. ಈಗಲೇ ಐಜಿಜಿ ಇದ್ದರೆ ಅದು ಹಳೆಯ ರಕ್ಷಣೆ, ಬಹುತೇಕ ನಿಶ್ಚಿಂತೆ. ದಡಾರಕ್ಕೆ ರಕ್ಷಣೆ ಇಲ್ಲದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಔಷಧ) ಕೊಡುವುದುಂಟು. ಅದನ್ನು ಸೋಂಕಿತರ ಸಂಪರ್ಕಕ್ಕೆ ಬಂದ ಆರು ದಿನದೊಳಗೆ ಕೊಡಬೇಕು. ದಡಾರ ದದ್ದು ಏಳುವ ನಾಲ್ಕು ದಿನ ಮೊದಲೇ ಹರಡುತ್ತದೆ, ಲೆಕ್ಕ ಹಾಕಿ ನೋಡಿ, ಆ ಆರು ದಿನ ಈಗಲೇ ಮುಗಿಯುತ್ತಾ ಬಂದಿರಬಹುದು. ಗರ್ಭಿಣಿಗೆ ಎಂಆರ್ ಲಸಿಕೆ ಮಾತ್ರ ಕೊಡುವಂತಿಲ್ಲ.

ನೀರು ತುಂಬಿದ ಗುಳ್ಳೆ ಆಗಿದ್ದರೆ ಮಾತೇ ಬೇರೆ. ಸೀತಾಳೆ ಸಿಡುಬನ್ನು ವೈದ್ಯರು ಸಾಮಾನ್ಯವಾಗಿ ನೋಡಿಯೇ ಗುರುತಿಸುತ್ತಾರೆ. ಅನುಮಾನ ಬಂದರೆ ಗುಳ್ಳೆಯ ದ್ರವ ಅಥವಾ ಹಕ್ಕಳೆಯನ್ನು ಪಿಸಿಆರ್‌ಗೆ ಕಳಿಸುತ್ತಾರೆ.

‘ಅಮ್ಮ ಬಂದಿದೆ’ ಎಂದು ಮನೆಯಲ್ಲಿ ಹಿರಿಯರು ಬೇವಿನ ಸೊಪ್ಪು ಕಟ್ಟಿದರೆ ಕಟ್ಟಲಿ ಬಿಡಿ, ಆಸ್ಪತ್ರೆ ಮಾತ್ರ ತಪ್ಪಿಸಬೇಡಿ. ದದ್ದು ಕಂಡ ಮೇಲೆ ನಾಲ್ಕು ದಿನ ಮಗಳನ್ನು ಶಾಲೆಗೆ ಕಳಿಸಬೇಡಿ, ನಾದಿನಿಯಿಂದಲೂ ದೂರವಿಡಿ. ವಿಟಮಿನ್ ಎ ಡೋಸ್ ಬಗ್ಗೆ ವೈದ್ಯರನ್ನು ಕೇಳಿ.