ತಾತನ ಜೊತೆ ಫುಟ್‌ಬಾಲ್ ಮ್ಯಾಚಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಾತನಿಗೆ 77 ವರ್ಷ. ಹರೆಯದಲ್ಲಿ ಕಾರ್ಖಾನೆ ತಂಡದಲ್ಲಿ ಆಡಿದವರು. ಕಂಠೀರವದಲ್ಲಿ ಐಎಸ್‌ಎಲ್ ಪಂದ್ಯಕ್ಕೆ ಕರೆದರೆ ‘ಆ ಗದ್ದಲ ನನ್ನ ಕೈಲಿ ಆಗಲ್ಲ’ ಅನ್ನುತ್ತಾರೆ. ಅಶೋಕನಗರದ ಸ್ಟೇಡಿಯಂನ ಲೋಕಲ್ ಲೀಗ್ ಮ್ಯಾಚಿಗೆ ಕರೆದುಕೊಂಡು ಹೋಗಬಹುದೇ? ಮಂಡಿನೋವಿದೆ, ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುತ್ತಾರೆ.
– ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಅವರಿಗೆ ಸರಿಹೊಂದುವ ಮ್ಯಾಚು ಅದೇ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ಇರಲಿ, ಬೆಂಗಳೂರು ಜಿಲ್ಲಾ ಸಂಸ್ಥೆಯ ಎ, ಬಿ, ಸಿ ಡಿವಿಷನ್ ಇರಲಿ, ಜನ ಕಡಿಮೆ, ಕೂರಲು ಜಾಗ ಧಾರಾಳ. ಆಟಗಾರರು ಒಬ್ಬರಿಗೊಬ್ಬರು ಕೂಗಿ ಹೇಳುವುದೂ ಕಿವಿಗೆ ಬೀಳುತ್ತದೆ. ಆಡಿ ಬಲ್ಲವರಿಗೆ ಆ ಕೂಗಾಟ ಕೇಳಿಸುವುದೇ ಅರ್ಧ ಆಟ.

ಮೊದಲು ವೇಳಾಪಟ್ಟಿ. ಮಳೆ ಬಂದರೆ, ಮೈದಾನ ಬೇರೆ ಟೂರ್ನಿಗೆ ಹೋದರೆ ಪಂದ್ಯ ಮುಂದಕ್ಕೆ ಹೋಗುತ್ತದೆ. ಹಿಂದಿನ ವಾರ ನೋಡಿಟ್ಟ ಪಟ್ಟಿಯನ್ನು ನಂಬಿ ಹೊರಡಬೇಡಿ. ಅದೇ ದಿನ ಬೆಳಿಗ್ಗೆ ಸಂಸ್ಥೆಯ ಸಾಮಾಜಿಕ ಜಾಲತಾಣದ ಪುಟದಲ್ಲಿ ಮತ್ತೊಮ್ಮೆ ನೋಡಿ. ಒಂದೇ ದಿನ ಒಂದೇ ಮೈದಾನದಲ್ಲಿ ಎರಡು ಪಂದ್ಯಗಳಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳಿ, ಬಿಸಿಲು ಇಳಿದಿರುತ್ತದೆ. ಕೃತಕ ಹುಲ್ಲು ಬಿಸಿಲಲ್ಲಿ ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಆ ಝಳ ಅಂಚಿನಲ್ಲಿ ಕೂತವರಿಗೂ ತಟ್ಟುತ್ತದೆ.

ಮೆಟ್ರೊದಲ್ಲಿ ಬಂದರೆ ಎಂ.ಜಿ. ರಸ್ತೆಯಲ್ಲಿ ಇಳಿದು ಅಲ್ಲಿಂದ ಆಟೊ ಹಿಡಿಯಿರಿ. ನಡೆಯುವ ದೂರವೇ ಆದರೂ ಫುಟ್‌ಪಾತಿನ ಏರುತಗ್ಗಿನಲ್ಲಿ ಮಂಡಿಯ ಶಕ್ತಿಯನ್ನೆಲ್ಲ ಅಲ್ಲೇ ಕಳೆಯುವುದು ಬೇಡ. ಡ್ರೈವರಿಗೆ ಗರುಡಾ ಮಾಲ್ ಪಕ್ಕದ ಸ್ಟೇಡಿಯಂ ಎಂದರೆ ಸಾಕು. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಬರುವುದಾದರೆ ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ. ವಯಸ್ಸು ತೋರಿಸುವ ಗುರುತಿನ ಚೀಟಿ ಜೇಬಿನಲ್ಲಿರಲಿ. ಜೊತೆಗೆ ಅಜ್ಜಿಯೂ ಬಂದರೆ ಶಕ್ತಿ ಯೋಜನೆಯಲ್ಲಿ ಅವರ ಪ್ರಯಾಣ ಉಚಿತ.

ಎಲ್ಲಿ ಕೂರಿಸುತ್ತೀರಿ ಎನ್ನುವುದು ಮುಖ್ಯ. ಪಶ್ಚಿಮದ ಕಡೆ ಕೂತರೆ ಇಳಿಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗಲ್ಲ. ತೀರಾ ಕೆಳಗಿನ ಸಾಲು ಬೇಡ. ಬೇಲಿ ಅಡ್ಡ ಬರುತ್ತದೆ, ಹೊರಗೆ ಒದ್ದ ಚೆಂಡೂ ಬರುತ್ತದೆ. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಹಾಗಾಗಿ ತುಂಬಾ ಮೇಲೂ ಬೇಡ. ನಾಲ್ಕೈದು ಮೆಟ್ಟಿಲು ಹತ್ತಿ, ದಾರಿಯ ಪಕ್ಕದ ಜಾಗ ಹಿಡಿಯಿರಿ. ಇಳಿಯುವಾಗ ನೀವು ಒಂದು ಮೆಟ್ಟಿಲು ಕೆಳಗೆ, ಅವರ ಮುಂದೆ ಇರಿ. ಅವರ ಕೈ ನಿಮ್ಮ ಭುಜದ ಮೇಲಿರಲಿ.

ಎಲ್ಲರೂ ನಡುಗೆರೆಯ ನೇರಕ್ಕೆ ಕೂರಲು ಹೋಗುತ್ತಾರೆ. ಆದರೆ ಮೈದಾನ ಸುಮಾರು 100 ಮೀಟರ್ ಉದ್ದ. ನಡುವೆ ಕೂತವರು ಎಡಕ್ಕೂ ಬಲಕ್ಕೂ ಸತತವಾಗಿ ಕತ್ತು ತಿರುಗಿಸುತ್ತಲೇ ಇರಬೇಕು, ಸರ್ವೈಕಲ್ ನೋವಿದ್ದವರಿಗೆ ರಾತ್ರಿ ಅದರ ಫಲ ಗೊತ್ತಾಗುತ್ತದೆ. ಕಾರ್ನರ್ ಬಾವುಟದ ಕಡೆಗೆ ಸರಿದು ಓರೆಯಾಗಿ ಕೂತರೆ ಇಡೀ ಮೈದಾನ ಒಂದೇ ನೋಟಕ್ಕೆ ಸಿಗುತ್ತದೆ.

ಆಟ 90 ನಿಮಿಷ, ವಿರಾಮ 15ರವರೆಗೆ, ಮೇಲೆ ರೆಫರಿ ಸೇರಿಸುವ ಸಮಯ; ಹೆಚ್ಚುಕಡಿಮೆ ಎರಡು ಗಂಟೆ ಕಾಂಕ್ರೀಟಿನ ಮೇಲೆ. ನಾಲ್ಕು ಮಡಿಕೆ ಹಾಕಿದ ಜಮಖಾನ ಅಥವಾ ಸಣ್ಣ ದಿಂಬು ತನ್ನಿ. ಹೋದ ತಕ್ಷಣ ಶೌಚಾಲಯ ಎಲ್ಲಿದೆ, ಬೀಗ ತೆಗೆದಿದೆಯೇ, ನೀರು ಬರುತ್ತದೆಯೇ ನೋಡಿಕೊಂಡು ಬನ್ನಿ. ನೀರಿನ ಮಾತ್ರೆಯನ್ನು ಮ್ಯಾಚಿಗೋಸ್ಕರ ಬಿಡಿಸಬೇಡಿ. ಬೆಳಿಗ್ಗೆ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಅದರ ಜೋರು ತಗ್ಗಿರುತ್ತದೆ. ಮಧ್ಯಾಹ್ನದ ಮಾತ್ರೆಯಾದರೆ ವೈದ್ಯರನ್ನು ಕೇಳಿ. ಶೌಚಾಲಯಕ್ಕೆ ಹೆದರಿ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ಏಳುವಾಗ ತಲೆಸುತ್ತು. ಅರ್ಧ ಲೀಟರ್ ಬಾಟಲಿಯಿಂದ ಆಗಾಗ ಗುಟುಕು ಗುಟುಕಾಗಿ ಕುಡಿಸಿ. ಸಕ್ಕರೆ ಕಾಯಿಲೆಗೆ ಔಷಧಿ ನಡೆಯುತ್ತಿದ್ದರೆ ಬಿಸ್ಕತ್ತು, ಬಾಳೆಹಣ್ಣು ಚೀಲದಲ್ಲಿರಲೇಬೇಕು.

ಪ್ರಶ್ನೆ: ಮೈದಾನದಲ್ಲಿ ನಮ್ಮ ತಾತ ‘ಕೀಪರ್ ಯಾಕೆ ಚೆಂಡು ಎತ್ತಿಕೊಳ್ಳಲಿಲ್ಲ’, ‘ಇದು ಆಫ್‌ಸೈಡ್ ಅಲ್ವಾ’ ಎಂದು ಕೇಳುತ್ತಲೇ ಇರುತ್ತಾರೆ. ರೀಪ್ಲೇ ಇಲ್ಲ, ಕಾಮೆಂಟರಿ ಇಲ್ಲ. ಏನು ಹೇಳಲಿ?
– ಓದುಗರು, ಮೈಸೂರು

ಉತ್ತರ: ಅವರು ಕಲಿತ ನಿಯಮ ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಬದಲಾದದ್ದು ಪುಸ್ತಕ. 1992ರಿಂದ ತನ್ನ ತಂಡದವನು ಬೇಕೆಂದೇ ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ; ಮುಟ್ಟಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಒದೆತ). ತಲೆಯಿಂದಲೋ ಎದೆಯಿಂದಲೋ ಕೊಟ್ಟರೆ ಹಿಡಿಯಬಹುದು. ಆಫ್‌ಸೈಡಿನಲ್ಲೂ (ತನ್ನ ತಂಡದವನು ಚೆಂಡು ಕೊಡುವ ಕ್ಷಣದಲ್ಲಿ ಚೆಂಡಿಗಿಂತಲೂ ಎದುರಾಳಿಗಳಿಗಿಂತಲೂ ಮುಂದೆ, ಅವರ ಗೋಲಿನ ಹತ್ತಿರ ನಿಂತಿರುವುದು) ಹಾಗೆಯೇ. ಮೊದಲು ಕೊನೆಯಿಂದ ಎರಡನೇ ಎದುರಾಳಿಯ ಸಮಕ್ಕೆ ನಿಂತರೂ ಆಫ್‌ಸೈಡ್. 1990ರಿಂದ ಸಮಕ್ಕಿದ್ದರೆ ತಪ್ಪಲ್ಲ. ತಮ್ಮದೇ ಅರ್ಧದಲ್ಲಿದ್ದವರಿಗೆ ಆಗಲೂ ಈಗಲೂ ಆಫ್‌ಸೈಡ್ ಇಲ್ಲ. ಥ್ರೋ, ಗೋಲ್‌ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೂ ಇಲ್ಲ. 2019ರಿಂದ ಗೋಲ್‌ಕಿಕ್ ಪೆನಾಲ್ಟಿ ಚೌಕದಿಂದ ಹೊರಗೆ ಹೋಗಲೇಬೇಕಿಲ್ಲ. ಅದಕ್ಕೇ ಡಿಫೆಂಡರ್‌ಗಳು ಕೀಪರ್ ಪಕ್ಕದಲ್ಲೇ ನಿಂತು ಪಾಸ್ ತೆಗೆದುಕೊಳ್ಳುವುದು. 2025ರ ನಿಯಮದಂತೆ ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸುತ್ತಾರೆ, ನೀವೂ ತಾತನಿಗೆ ತೋರಿಸಿ.

ರೀಪ್ಲೇ ಇಲ್ಲದ ಕಡೆ ಲೈನ್ಸ್‌ಮನ್ನನ ಬಾವುಟವನ್ನೇ ಓದಬೇಕು. ಆಫ್‌ಸೈಡ್ ಆದರೆ ಮೊದಲು ಬಾವುಟ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ರೆಫರಿ ಸೀಟಿ ಊದಿದ ಮೇಲೆ ಅದನ್ನು ಓರೆಯಾಗಿ ಮೇಲಕ್ಕೆ ಹಿಡಿದರೆ ತಪ್ಪಾದದ್ದು ಆಚೆ ಬದಿಯಲ್ಲಿ, ಭುಜದ ಮಟ್ಟಕ್ಕೆ ಅಡ್ಡ ಹಿಡಿದರೆ ನಡುವೆ, ಓರೆಯಾಗಿ ಕೆಳಕ್ಕಿಳಿಸಿದರೆ ಈಚೆ ಬದಿಯಲ್ಲಿ. ಇಷ್ಟು ಗೊತ್ತಿದ್ದರೆ ಯಾರದ್ದು ಆಫ್‌ಸೈಡ್ ಎಂದು ಕೂತಲ್ಲಿಂದಲೇ ಹೇಳಬಹುದು.

ಪ್ರಶ್ನೆ: ವಿರಾಮದಲ್ಲಿ ಅಜ್ಜನ ಹತ್ತಿರ ಹಳೆಯ ಆಟದ ಬಗ್ಗೆ ಕೇಳಬೇಕು ಅನಿಸುತ್ತದೆ. ನಮಗೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ‘ಆಗ ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹೆಸರು ಹಿಡಿದು ಕೇಳಿ. ಮೈಸೂರು (ನಮ್ಮ ರಾಜ್ಯದ ಆಗಿನ ಹೆಸರು) ತಂಡ 1967–68 ಮತ್ತು 1968–69ರಲ್ಲಿ ಸತತ ಎರಡು ಸಲ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಬೆಂಗಳೂರಿನ ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಇವರಲ್ಲಿ ಯಾರ ಆಟ ನೋಡಿದ್ದರು, ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಯಾರಿಗೆ ಹೆದರುತ್ತಿದ್ದರು, ಬೂಟು ಎಲ್ಲಿ ಹೊಲಿಸುತ್ತಿದ್ದರು ಎಂದು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿಯೇ ಮಾಡಿ. ಆಟ ಮತ್ತೆ ಶುರುವಾದ ಮೇಲೆ ಪ್ರಶ್ನೆ ನಿಲ್ಲಿಸಿಬಿಡಿ.

ಪ್ರಶ್ನೆ: ಧಾರವಾಡದಿಂದ ಅಜ್ಜಾರು ನವೆಂಬರಿನಾಗ ನಮ್ಮಲ್ಲಿಗೆ ಬರಾಕತ್ತಾರ. ಪ್ರೀಮಿಯರ್ ಲೀಗ್ ಟಿಕೆಟ್ ಸಿಗೂದಿಲ್ಲ. ಇಲ್ಲಿನ ಸಣ್ಣ ಕ್ಲಬ್ಬಿನ ಮ್ಯಾಚು ತೋರಿಸಬಹುದೇನ್ರಿ? ಅವರು ಶುದ್ಧ ಸಸ್ಯಾಹಾರಿ.
– ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಪ್ರೀಮಿಯರ್ ಲೀಗನ್ನು ಮೊದಲನೆಯದೆಂದು ಕೆಳಕ್ಕೆ ಎಣಿಸಿ, ಏಳನೇ, ಎಂಟನೇ ಹಂತದ ಕ್ಲಬ್ ಆರಿಸಿ. ಅಲ್ಲಿ ಹೆಚ್ಚಾಗಿ ಗೇಟಿನಲ್ಲೇ ಟಿಕೆಟ್ ಸಿಗುತ್ತದೆ, ಹಿರಿಯರಿಗೆ ಕಡಿಮೆ ದರ ಇರುತ್ತದೆ, ಎರಡೂ ತಂಡದ ಬೆಂಬಲಿಗರು ಬೆರೆತೇ ನಿಲ್ಲುತ್ತಾರೆ. ಶನಿವಾರ ಮೂರು ಗಂಟೆಗೆ ಆಟ. ನವೆಂಬರ್ ಕೊನೆಗೆ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಅಂದರೆ ದ್ವಿತೀಯಾರ್ಧ ಪೂರ್ತಿ ಚಳಿ. ಚಳಿ ಹತ್ತುವುದು ಕಾಲಿನಿಂದ. ಉಣ್ಣೆಯ ಕಾಲುಚೀಲದ ಜೊತೆಗೆ ದಪ್ಪ ರಟ್ಟಿನ ತುಂಡೊಂದನ್ನು ಒಯ್ದು ಅದರ ಮೇಲೆ ಕಾಲಿಡಲು ಹೇಳಿ. ಹಿಮ ಹೆಪ್ಪುಗಟ್ಟಿದ್ದರೆ, ನೀರು ನಿಂತಿದ್ದರೆ ಬೆಳಿಗ್ಗೆಯೇ ರೆಫರಿ ಮೈದಾನ ಪರೀಕ್ಷಿಸಿ ಪಂದ್ಯ ಮುಂದೂಡುವುದುಂಟು, ಹೊರಡುವ ಮೊದಲು ಕ್ಲಬ್ಬಿನ ಪುಟ ನೋಡಿ. ಚಿಪ್ಸ್ ಕೊಳ್ಳುವ ಮುಂಚೆ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಲೇಬೇಕು. ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಥರ್ಮಾಸಿನಲ್ಲಿ ಚಹಾ, ಮನೆಯಿಂದ ಚಪಾತಿ ರೋಲ್ ತಂದರೆ ನಿಶ್ಚಿಂತೆ. ಗಾಜಿನ ಬಾಟಲಿ ಮಾತ್ರ ಬೇಡ, ಗೇಟಿನಲ್ಲೇ ತಡೆಯಬಹುದು.