ಸಂಬಳ ಜಾಸ್ತಿ ಮಾಡಿದ್ರೂ ಹುಡುಗ್ರು ಯಾಕ್ರೀ ನಿಲ್ತಿಲ್ಲ?

ಪ್ರಶ್ನೆ: ನಮ್ಮದು ದಾವಣಗೆರೆ ಚೌಕಿಪೇಟೇಲಿ ಸೀರೆ ಅಂಗಡಿ, ನಮ್ಮಪ್ಪನ ಕಾಲದ್ದು. ಹದಿನಾಲ್ಕು ಜನ ಕೆಲ್ಸಕ್ಕಿದಾರೆ. ಹೋದ ಯುಗಾದಿಗೆ ಎಲ್ರಿಗೂ ಎರಡೆರಡು ಸಾವಿರ ಜಾಸ್ತಿ ಮಾಡಿದೆ, ಎಸಿ ಹಾಕ್ಸಿದೆ, ಸಂಜೆ ಟೀ ಜೊತೆ ಮಂಡಕ್ಕಿ ಮೆಣಸಿನಕಾಯಿನೂ ತರಿಸ್ತೀನಿ. ಆದ್ರೂ ದೀಪಾವಳಿ ಹೊತ್ತಿಗೆ ಮೂರು ಜನ ಬಿಟ್ಟು ಹೋದ್ರು, ಅದ್ರಲ್ಲಿ ಒಬ್ಬ ಹೋಗಿದ್ದು ಬರೀ ಐನೂರು ರೂಪಾಯಿ ಜಾಸ್ತಿಗೆ. ಇರೋರು ಗಿರಾಕಿ ಕೇಳಿದ್ದೊಂದು ಸೀರೆ ತೋರ್ಸಿ ಸುಮ್ನೆ ನಿಂತ್ಕೋತಾರೆ. ಹಳೇ ಗಾದಿ ತೆಗ್ಸಿ ಕೌಂಟರ್ ಮಾಡ್ಸಿದೀನಿ, ಕೂತ್ರೆ ತೂಕಡಿಸ್ತಾರೆ ಅಂತ ಸ್ಟೂಲೂ ಇಟ್ಟಿಲ್ಲ. ಮನೇಲಿದ್ರೂ ಸಿಸಿಟಿವಿ ಮೊಬೈಲಲ್ಲೇ ನೋಡ್ತಿರ್ತೀನಿ, ಯಾರಾದ್ರೂ ಸುಮ್ನೆ ನಿಂತಿದ್ರೆ ತಕ್ಷಣ ಫೋನ್ ಮಾಡ್ತೀನಿ. ಇನ್ನೇನ್ ಮಾಡ್ಬೇಕು ಹೇಳಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಯಜಮಾನ್ರೇ, ನಿಮ್ ಪತ್ರ ಎರಡು ಸಲ ಓದಿದೆ. ಉತ್ತರ ನಿಮ್ ಪತ್ರದ ಕೊನೇ ಸಾಲುಗಳಲ್ಲೇ ಇದೆ, ನೀವು ಮಾತ್ರ ಅದನ್ನ ಹೆಮ್ಮೆಯಿಂದ ಬರ್ದಿದೀರಿ!

ಮೊದ್ಲು ಸಂಬಳದ್ದು. ಕೊಟ್ಟಿದ್ದು ಒಳ್ಳೇದೇ ಆಯ್ತು, ವಾಪಸ್ ತಗೊಳ್ಳೋ ಯೋಚನೆ ಮಾತ್ರ ಮಾಡ್ಬೇಡಿ. ಆದ್ರೆ ಅಮೆರಿಕಾದಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಅಂತ ಒಬ್ರು ಮನಶ್ಶಾಸ್ತ್ರಜ್ಞರಿದ್ರು, ಅವ್ರು ಪಿಟ್ಸ್‌ಬರ್ಗ್ ಕಡೆ ಸುಮಾರು 200 ಜನ ಇಂಜಿನಿಯರ್ರು ಅಕೌಂಟೆಂಟ್‌ಗಳನ್ನ ಕೂರಿಸ್ಕೊಂಡು, ಕೆಲ್ಸದಲ್ಲಿ ತುಂಬಾ ಖುಷಿಯಾಗಿದ್ದು ಯಾವಾಗ, ತುಂಬಾ ಬೇಜಾರಾಗಿದ್ದು ಯಾವಾಗ ಅಂತ ಕೇಳಿ 1959ರಲ್ಲಿ ಪುಸ್ತಕ ಮಾಡಿದ್ರು. ಅವ್ರಿಗೆ ಕಂಡಿದ್ದೇನಪ್ಪಾ ಅಂದ್ರೆ ಬೇಜಾರು ಮಾಡೋ ವಿಷಯಗಳೇ ಬೇರೆ, ಖುಷಿ ಕೊಡೋ ವಿಷಯಗಳೇ ಬೇರೆ. ಸಂಬಳ, ರೂಲ್ಸು, ಮೇಲಿನೋರ ಕಾಟ, ಕೆಲ್ಸದ ಜಾಗ ಇವು ಕೆಟ್ಟಿದ್ರೆ ಮನುಷ್ಯ ಒದ್ದಾಡ್ತಾನೆ, ಸರಿ ಮಾಡಿದ್ರೆ ಒದ್ದಾಟ ನಿಲ್ಲುತ್ತೆ, ಅಷ್ಟೇ. ಖುಷಿ ಬರೋದು ಕೆಲ್ಸ ಸಾಧಿಸಿದಾಗ, ಅದನ್ನ ಯಾರೋ ಗುರುತಿಸಿದಾಗ, ಜವಾಬ್ದಾರಿ ಕೈಗೆ ಬಂದಾಗ. ಇದನ್ನ ಒಪ್ಪದೇ ಇರೋರೂ ಇದಾರೆ, ಒಳ್ಳೇದಾದ್ರೆ ಜನ ನಾನು ಮಾಡಿದ್ದು ಅಂತಾರೆ, ಕೆಟ್ಟಿದ್ರೆ ಕಂಪ್ನಿ ಮೇಲೆ ಹಾಕ್ತಾರೆ ಅಂತ ಅವರ ವಾದ. ಎಸ್ಸೆಲ್ಸಿ ರಿಸಲ್ಟ್ ದಿನ ನಾವೂ ಹಂಗೇ ತಾನೆ, ಪಾಸಾದ್ರೆ ನಾನ್ ಓದಿದ್ದು, ಫೇಲಾದ್ರೆ ಪೇಪರ್ ಟಫ್ ಇತ್ತು!

ಆದ್ರೂ ನನಗೆ ಹರ್ಜ್‌ಬರ್ಗ್ ಮಾತು ನಂಬಿಕೆ ಬರೋದು ನಮ್ಮಪ್ಪನಿಂದ. ಅವ್ರು ಇಲ್ಲೇ ಒಂದು ಹತ್ತಿ ಮಿಲ್ಲಲ್ಲಿ ನೂಲೋ ಖಾತೇಲಿದ್ರು. ಸಂಬಳ ಕಮ್ಮಿ, ರಾತ್ರಿ ಪಾಳಿ, ಮನೆಗೆ ಬಂದ್ರೆ ಮೂಗಲ್ಲೆಲ್ಲಾ ಹತ್ತಿ ಧೂಳು. ಮಿಲ್ ಮುಚ್ಚಿ ಇಷ್ಟು ವರ್ಷ ಆದ್ಮೇಲೂ ಅವ್ರು ಹೇಳ್ತಿದ್ದಿದ್ದು ಒಂದೇ ಕಥೆ, ನೂಲು ಯಾಕೋ ಕಡೀತಿದೆ ಅಂದ್ರೆ ಜಾಬರ್, ಅಂದ್ರೆ ಖಾತೆ ಮೇಸ್ತ್ರಿ, ಬಂದು "ನೀನೇ ಮುಟ್ಟಿ ನೋಡಪ್ಪ" ಅಂತ ಇವ್ರನ್ನೇ ಕರೀತಿದ್ದ ಅಂತ. ಬೋನಸ್ ಎಷ್ಟು ಬಂತು ಅಂತ ಒಂದ್ ದಿನವೂ ಹೇಳ್ಲಿಲ್ಲ.

ಈಗ ನಿಮ್ ಅಂಗಡಿಗೆ ಬನ್ನಿ. ಗಾದಿ ಇದ್ದಾಗ ನಿಮ್ ಹುಡುಗ್ರು ಗಿರಾಕಿ ಎದುರು ಕೂತು ಹತ್ತು ಸೀರೆ ಹಾಸಿ ತೋರಿಸ್ತಿದ್ರು ತಾನೆ? ಈಗ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರ್ಬೇಕು, ಕಾಲು ಜೋಮು ಹಿಡಿದೋರು ಹನ್ನೊಂದನೇ ಸೀರೆ ತೆಗೀತಾರೇನ್ರಿ? ಕೋಳಿಕ್ಕೋಡಿನ ಮಿಠಾಯಿ ಬೀದಿ ಬಟ್ಟೆ ಅಂಗಡಿಗಳ ಹೆಣ್ಮಕ್ಕಳು ಕೂರೋ ಹಕ್ಕು ಬೇಕು, ಟಾಯ್ಲೆಟ್ ಬೇಕು ಅಂತ ವರ್ಷಗಟ್ಲೆ ಹೋರಾಡಿದ್ರು, 2018ರಲ್ಲಿ ಕೇರಳ ಅದಕ್ಕೆ ಕಾನೂನೇ ತಂತು, 2021ರಲ್ಲಿ ತಮಿಳುನಾಡೂ ತಂತು. ನೀವು ಕಾನೂನಿಗೆ ಕಾಯ್ಬೇಡಿ, ನಾಳೆನೇ ಸ್ಟೂಲ್ ತರ್ಸಿ. ಅಂದಂಗೆ ವಾರದ ರಜೆ ಬಗ್ಗೆ ಪತ್ರದಲ್ಲಿ ಒಂದಕ್ಷರ ಇಲ್ವಲ್ಲ, 1961ರ ಕರ್ನಾಟಕದ ಅಂಗಡಿ ಕಾಯ್ದೆ ಪ್ರಕಾರ ಅದು ಕೊಡ್ಲೇಬೇಕು.

ಕ್ಯಾಮೆರಾ ಕಳ್ಳತನಕ್ಕೆ ಇರ್ಲಿ, ಆದ್ರೆ ಆ ಫೋನ್ ಮಾಡೋದು ಬಿಡಿ. ಗಿರಾಕಿ ಮುಂದೆ ಫೋನಲ್ಲಿ ಬೈಸಿಕೊಂಡ ಹುಡುಗ ಆಮೇಲೆ ಹೇಳಿದಷ್ಟೇ ಮಾಡ್ತಾನೆ, ಅದಕ್ಕೇ ಒಂದು ಸೀರೆ ತೋರ್ಸಿ ಸುಮ್ನಾಗೋದು. ಹಳಬರು ಇಬ್ರಿಗೆ ಇನ್ನೂರು ರೂಪಾಯಿವರೆಗೆ ನೀವೇ ಬಿಟ್ಕೊಡಿ ಅಂತ ಅಧಿಕಾರ ಕೊಡಿ. ಮೊಳಕಾಲ್ಮೂರಿಗೆ ಮಾಲು ನೋಡೋಕೆ ಹೋಗೋವಾಗ ಒಬ್ಬನ್ನ ಕರ್ಕೊಂಡು ಹೋಗಿ. ಮಗ್ಗದ ಮುಂದೆ ಅರ್ಧ ದಿನ ನಿಂತು ರೇಷ್ಮೆ ನೇಯೋದು ನೋಡ್ಬಂದೋನು ಆ ಸೀರೆ ಬಿಚ್ಚೋ ರೀತಿನೇ ಬೇರೆ ಆಗುತ್ತೆ.

ಒಂದು ಮಾತು ಹೇಳ್ಬಿಡ್ತೀನಿ, ಇದೆಲ್ಲಾ ಮಾಡಿದ್ರೆ ವ್ಯಾಪಾರ ಡಬಲ್ ಆಗುತ್ತೆ ಅಂತ ಅನ್ಕೋಬೇಡಿ. 2001ರಲ್ಲಿ ತಿಮೊಥಿ ಜಡ್ಜ್ ಅನ್ನೋ ಸಂಶೋಧಕರು ಮತ್ತೆ ಅವ್ರ ಜೊತೆಯೋರು ಕೆಲ್ಸಗಾರರ 312 ಗುಂಪುಗಳ ಲೆಕ್ಕ ಕೂಡಿಸಿ ನೋಡಿದಾಗ ಕೆಲ್ಸದ ಖುಷಿಗೂ ಕೆಲ್ಸ ಮಾಡೋ ಮಟ್ಟಕ್ಕೂ ಇರೋ ನಂಟು 0.30 ಅಂತ ಬಂತು, 0 ಅಂದ್ರೆ ನಂಟೇ ಇಲ್ಲ, 1 ಅಂದ್ರೆ ಪೂರ್ತಿ ನಂಟು. ಅಂದ್ರೆ ಇದೆ, ಆದ್ರೆ ಮ್ಯಾಜಿಕ್ ಅಲ್ಲ. ಆ ಐನೂರಕ್ಕೆ ಹೋದೋನು ಐನೂರಕ್ಕೇ ಹೋಗಿದ್ದು ಅಂತ ನನಗನ್ಸಲ್ಲ, ಸಿಕ್ರೆ ಒಂದ್ಸಲ ಟೀ ಕುಡಿಸಿ ಕೇಳಿ ನೋಡಿ.

ಪ್ರಶ್ನೆ: ಚಳ್ಳಕೆರೆ ಕಡೆ ಸಾಲದ ಕಂತು ವಸೂಲಿ ಕೆಲ್ಸ ನಂದು. ಟಾರ್ಗೆಟ್ ಬೆಂಗಳೂರಲ್ಲಿ ಹಾಕ್ತಾರೆ, ಮಳೆ ಇಲ್ದೆ ಶೇಂಗಾ ಹೋದ್ರೂ ಟಾರ್ಗೆಟ್ ಕಮ್ಮಿ ಆಗಲ್ಲ, ಯಾವತ್ತು ಯಾವ ಊರಿಗೆ ಹೋಗ್ಬೇಕು ಅನ್ನೋದೂ ಆ್ಯಪಲ್ಲೇ ಬರುತ್ತೆ. ರಾತ್ರಿ ನಿದ್ದೆ ಇಲ್ಲ ಸರ್.
– ಒಬ್ಬ ಓದುಗ, ಚಿತ್ರದುರ್ಗ ಜಿಲ್ಲೆ

ಉತ್ತರ: ತಮ್ಮಾ, ಇದು ನಿನ್ನ ವೀಕ್‌ನೆಸ್ ಅಲ್ಲ. ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರು 1979ರಲ್ಲೇ ಬರ್ದಿದಾರೆ, ಬರೀ ಕೆಲ್ಸದ ಒತ್ತಡಕ್ಕಿಂತ, ಒತ್ತಡ ಜಾಸ್ತಿ ಇದ್ದು ಹೆಂಗ್ ಮಾಡ್ಬೇಕು ಅನ್ನೋದು ಕೈಯಲ್ಲಿ ಇಲ್ದೇ ಇರೋ ಕೆಲ್ಸನೇ ಮನುಷ್ಯನ್ನ ಜಾಸ್ತಿ ಹಿಂಡೋದು ಅಂತ. ಟಾರ್ಗೆಟ್ ಇಳ್ಸಿ ಅಂದ್ರೆ ಇಳ್ಸಲ್ಲ. ಬದ್ಲಿಗೆ ಊರಿನ ಸರದಿ ನಾನೇ ಹಾಕ್ಕೋತೀನಿ, ಸಂತೆ ದಿನ ನೋಡ್ಕೊಂಡು ಹೋಗ್ತೀನಿ, ಒಂದು ತಿಂಗ್ಳು ಬಿಟ್ಟು ನೋಡಿ ಅಂತ ಮ್ಯಾನೇಜರ್ ಹತ್ರ ಕೇಳು. ಮಾರ್ಚ್ ಕ್ಲೋಸಿಂಗ್ ಮುಗಿದ್ಮೇಲೆ ಕೇಳು, ಅದಕ್ಕೂ ಮುಂಚೆ ಬೇಡ. ನಿದ್ದೆ ಇನ್ನೂ ಬರ್ಲಿಲ್ಲ ಅಂದ್ರೆ ಜಿಲ್ಲಾ ಆಸ್ಪತ್ರೇಲಿ ಡಾಕ್ಟ್ರಿಗೆ ತೋರ್ಸು, ನಾಚ್ಕೋಬೇಡ.